ಒಂದೇ ನಕ್ಷೆ, ನಲವತ್ತೇಳು ಹಡಗು: ಬ್ರಿಟನ್ನಿನ ಲೀಡಾ ವರ್ಗದ ಫ್ರಿಗೇಟುಗಳು

ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ‘ಟ್ರಿಂಕೋಮಲಿ’ ಎಂಬ ಹಾಯಿ ಯುದ್ಧನೌಕೆ ಇವತ್ತಿಗೂ ನೀರಿನ ಮೇಲೆ ತೇಲುತ್ತಿದೆ. ಸ್ಕಾಟ್ಲೆಂಡಿನ ಡಂಡಿಯಲ್ಲಿ ‘ಯೂನಿಕಾರ್ನ್’ ಎಂಬ ಇನ್ನೊಂದಿದೆ. ಮೊದಲನೆಯದು 1817ರಲ್ಲಿ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ್ದು, ಎರಡನೆಯದು 1824ರಲ್ಲಿ ಚ್ಯಾಥಮ್ ಹಡಗುಕಟ್ಟೆಯಲ್ಲಿ ಓಕ್ ಮರದಿಂದ. ಹಿಂಬದಿಯಿಂದ ನೋಡಿದರೆ ಇವೆರಡೂ ಒಂದೇ ಮನೆಯವು ಅನ್ನಿಸುವುದಿಲ್ಲ. ಆದರೆ ನೀರಿನ ಕೆಳಗಿನ ಮೈಕಟ್ಟು ಎರಡಕ್ಕೂ ಒಂದೇ ನಕ್ಷೆಯಿಂದ ಬಂದದ್ದು. ಆ ನಕ್ಷೆಯ ಮೂಲ ಫ್ರೆಂಚರದು.

1800ರಿಂದ 1830ರವರೆಗೆ ಇದೇ ನಕ್ಷೆಯ ಮೇಲೆ ಬ್ರಿಟಿಷ್ ನೌಕಾಪಡೆಗೆ 47 ಹಡಗುಗಳು ತಯಾರಾದವು. ಮೊದಲ ಹಡಗು ‘ಲೀಡಾ’. ಅದರ ಹೆಸರೇ ಇಡೀ ವರ್ಗಕ್ಕೆ ಬಂತು. ಇಲ್ಲಿ ‘ವರ್ಗ’ ಎಂದರೆ ಕಾರ್ಖಾನೆಯಿಂದ ಸಾಲಾಗಿ ಹೊರಬರುವ ಒಂದೇ ಥರದ ಕಾರುಗಳ ಹಾಗೆ ಎಂದುಕೊಂಡರೆ ದಾರಿ ತಪ್ಪುತ್ತೇವೆ. ಹಾಯಿಗಳ ಕಾಲದಲ್ಲಿ ನಕ್ಷೆ ಗಟ್ಟಿಮಾಡುತ್ತಿದ್ದುದು ಹಡಗಿನ ಆಕಾರವನ್ನು ಮಾತ್ರ. ಮರ ಯಾವುದು, ಮೊಳೆ ಯಾವ ಲೋಹದ್ದು, ಮೇಲಿನ ಡೆಕ್ಕಿನಲ್ಲಿ ಯಾವ ಫಿರಂಗಿ, ಹಿಂಬದಿ ಚಪ್ಪಟೆಯೋ ಗುಂಡಗೋ, ಇವೆಲ್ಲ ಹಡಗಿನಿಂದ ಹಡಗಿಗೆ ಬದಲಾಗುತ್ತಿದ್ದವು. ಒಂದು ಹಡಗು ನಾಲ್ಕು ವರ್ಷಕ್ಕೇ ಗುಜರಿಗೆ ಹೋಯಿತೋ ಇನ್ನೂರು ವರ್ಷ ಬಾಳಿತೋ ಎನ್ನುವುದು ತೀರ್ಮಾನವಾದದ್ದು ಈ ಬದಲಾಗುವ ಸಂಗತಿಗಳಿಂದ.

38 ಎಂದರೆ 46

ಹಳೆಯ ದಾಖಲೆಗಳಲ್ಲಿ ಲೀಡಾ ವರ್ಗವನ್ನು ‘38 ಫಿರಂಗಿಗಳ ಫ್ರಿಗೇಟ್’ ಎಂದು ಬರೆದಿರುತ್ತಾರೆ. ಎಣಿಸಿದರೆ 46 ಸಿಗುತ್ತವೆ.

ಬ್ರಿಟಿಷರು ಯುದ್ಧನೌಕೆಗಳನ್ನು ಫಿರಂಗಿಗಳ ಲೆಕ್ಕದ ಮೇಲೆ ಆರು ದರ್ಜೆ ಮಾಡಿದ್ದರು. 100 ಅಥವಾ ಅದಕ್ಕೂ ಹೆಚ್ಚು ಫಿರಂಗಿ ಇದ್ದರೆ ಮೊದಲ ದರ್ಜೆ. ಮುಖಾಮುಖಿ ಸಾಲಾಗಿ ನಿಂತು ಕಾದುವ ದೊಡ್ಡ ಹಡಗುಗಳು ಮೇಲಿನ ದರ್ಜೆಗಳಲ್ಲಿ ಬರುತ್ತಿದ್ದವು. ಫ್ರಿಗೇಟುಗಳು ಹೆಚ್ಚಾಗಿ ಐದನೆಯ ದರ್ಜೆಯವು. ಬೇಹು, ಬೆಂಗಾವಲು, ಶತ್ರುವಿನ ವ್ಯಾಪಾರಿ ಹಡಗು ಹಿಡಿಯುವುದು, ಸಂದೇಶ ಒಯ್ಯುವುದು, ಬಂದರಿನ ಬಾಯಲ್ಲಿ ಕಾವಲು ಕೂರುವುದು ಇವುಗಳ ಕೆಲಸ.

ಲೀಡಾದ ಮುಖ್ಯ ಫಿರಂಗಿ ಸಾಲಿನಲ್ಲಿ 18 ಪೌಂಡರ್‌ಗಳು 28 ಇದ್ದವು, ಒಂದೊಂದು ಮಗ್ಗುಲಿಗೆ 14. ‘18 ಪೌಂಡರ್’ ಎಂದರೆ ಫಿರಂಗಿಯ ತೂಕವಲ್ಲ, ಅದು ಹಾರಿಸುವ ಕಬ್ಬಿಣದ ಗುಂಡಿನ ತೂಕ, ಸುಮಾರು 8 ಕಿಲೋ. ಹಿಂಬದಿಯ ಎತ್ತರದ ಡೆಕ್ಕಿನಲ್ಲಿ 9 ಪೌಂಡರ್ 8, ಮುಂಬದಿಯಲ್ಲಿ 2. ಇಲ್ಲಿಗೆ 38. ಇವುಗಳ ಜೊತೆಗೆ 32 ಪೌಂಡರ್ ಕ್ಯಾರೊನೇಡ್‌ಗಳು 8 ಇದ್ದವು. ಕ್ಯಾರೊನೇಡ್ ಹೊಸದಾಗಿ ಬಂದ ಗಿಡ್ಡ ಫಿರಂಗಿ. ಅದನ್ನು ದರ್ಜೆಯ ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇರಲಿಲ್ಲ. ಆಮೇಲೆ 9 ಪೌಂಡರ್‌ಗಳನ್ನು ಇಳಿಸಿ ಆ ಜಾಗಕ್ಕೂ ಕ್ಯಾರೊನೇಡ್ ಹತ್ತಿಸುವುದು ರೂಢಿಯಾಯಿತು, ಆದರೂ ಕಾಗದದ ಮೇಲಿನ ಅಂಕಿ 38 ಆಗಿಯೇ ಉಳಿಯಿತು. 1817ರಲ್ಲಿ ನಿಯಮ ತಿದ್ದಿ ಎಲ್ಲವನ್ನೂ ಎಣಿಸತೊಡಗಿದಾಗ ಇದೇ ಹಡಗುಗಳು ರಾತ್ರೋರಾತ್ರಿ ‘46 ಫಿರಂಗಿ’ಯವಾದವು. ಎರಡು ಪುಸ್ತಕಗಳಲ್ಲಿ ಒಂದೇ ಹಡಗಿಗೆ ಎರಡು ಸಂಖ್ಯೆ ಕಂಡರೆ ಮೊದಲು ವರ್ಷ ನೋಡಬೇಕು.

ಟನ್ ಲೆಕ್ಕದಲ್ಲೂ ಇಂಥದೇ ಗೊಂದಲವಿದೆ. ಲೀಡಾ ಸುಮಾರು 1,060 ಟನ್ ಎನ್ನುತ್ತಾರೆ. ಇದು ತೂಕವೇ ಅಲ್ಲ. ಕೀಲ್‌ನ, ಅಂದರೆ ಹಡಗಿನ ತಳದುದ್ದಕ್ಕೂ ಇರುವ ಬೆನ್ನುತೊಲೆಯ, ಉದ್ದವನ್ನು ಹಡಗಿನ ಅಗಲದಿಂದ ಗುಣಿಸಿ, ಬಂದದ್ದನ್ನು ಅಗಲದ ಅರ್ಧದಿಂದ ಮತ್ತೆ ಗುಣಿಸಿ, 94ರಿಂದ ಭಾಗಿಸಿದರೆ ಸಿಗುವ ಅಂಕಿ. ಕಟ್ಟುವವರಿಗೆ ಹಣ ಕೊಡಲು ಮಾಡಿಕೊಂಡ ಅಳತೆ ಅಷ್ಟೆ.

ನಕ್ಷೆ ಕದ್ದದ್ದು ಹೇಗೆ

1782ರ ಸೆಪ್ಟೆಂಬರ್ 4ರಂದು ‘ರೇನ್‌ಬೋ’ ಎಂಬ ಹಳೆಯ ಬ್ರಿಟಿಷ್ ಹಡಗು ‘ಎಬೆ’ ಎಂಬ ಹೊಚ್ಚ ಹೊಸ ಫ್ರೆಂಚ್ ಫ್ರಿಗೇಟನ್ನು ಹಿಡಿಯಿತು. ರೇನ್‌ಬೋ ಮೇಲೆ ಪ್ರಯೋಗಕ್ಕೆಂದು ಬರೀ ಕ್ಯಾರೊನೇಡ್‌ಗಳನ್ನೇ ಹೇರಿದ್ದರು. ಅದರ ಮುಂಬದಿಯಿಂದ ಬಂದು ಬಿದ್ದ 32 ಪೌಂಡಿನ ಗುಂಡನ್ನು ಕಂಡು ಫ್ರೆಂಚ್ ಕಪ್ತಾನ ಬೆಚ್ಚಿದ. ಮೂತಿಯಲ್ಲೇ ಇಷ್ಟು ದೊಡ್ಡ ಫಿರಂಗಿ ಇಟ್ಟುಕೊಂಡಿದೆ ಎಂದರೆ ಇದು ಭಾರೀ ಸಾಲಿನ ಹಡಗೇ ಇರಬೇಕು ಎಂದು ಎಣಿಸಿ, ಹೆಚ್ಚು ಕಾದಾಡದೆ ಬಾವುಟ ಇಳಿಸಿದ.

ಎಬೆಯ ನಕ್ಷೆ ಬರೆದವರು ಜಾಕ್-ನೊಯೆಲ್ ಸಾನೆ, ಆ ಕಾಲದ ಫ್ರೆಂಚ್ ನೌಕಾವಿನ್ಯಾಸಕರಲ್ಲಿ ಅಗ್ರಗಣ್ಯರು. ಬ್ರಿಟಿಷರಿಗೆ ನಕ್ಷೆಯ ಕಾಗದ ಸಿಗಲಿಲ್ಲ, ಹಡಗೇ ಸಿಕ್ಕಿತು. ಹಡಗಿನಿಂದ ನಕ್ಷೆ ಇಳಿಸಿಕೊಳ್ಳುವ ಕಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಡಗನ್ನು ಒಣ ಕಟ್ಟೆಗೆ ತಂದು ನೆಟ್ಟಗೆ ನಿಲ್ಲಿಸುತ್ತಾರೆ. ಉದ್ದಕ್ಕೂ ಗೊತ್ತಾದ ಅಂತರಗಳಲ್ಲಿ ತೂಗುಗುಂಡು ಇಳಿಬಿಟ್ಟು, ಆ ನೇರ ದಾರದಿಂದ ಹಡಗಿನ ಮೈ ಎಷ್ಟು ಒಳಗಿದೆ, ಎಷ್ಟು ಹೊರಗಿದೆ ಎಂದು ಬೇರೆ ಬೇರೆ ಎತ್ತರದಲ್ಲಿ ಅಳೆಯುತ್ತಾರೆ. ಈ ಅಳತೆಗಳ ಪಟ್ಟಿಯಿಂದ ಮೂರು ನೋಟಗಳು ಹುಟ್ಟುತ್ತವೆ: ಮಗ್ಗುಲಿನಿಂದ, ಮೇಲಿನಿಂದ, ಎದುರಿನಿಂದ. ಕಾಗದದ ಮೇಲೆ ಕಾಲು ಇಂಚಿಗೆ ಒಂದು ಅಡಿ, ಅಂದರೆ ನಿಜದ 48ನೇ ಒಂದು ಪಾಲು.

ಇದನ್ನು ಮತ್ತೆ ಮರಕ್ಕೆ ತರುವುದು ಇನ್ನೊಂದು ಕೆಲಸ. ಹಡಗುಕಟ್ಟೆಯಲ್ಲಿ ಅಂಗಳದಷ್ಟು ದೊಡ್ಡ ನೆಲದ ಒಂದು ಅಟ್ಟ ಇರುತ್ತಿತ್ತು. ಅಲ್ಲಿ ನಕ್ಷೆಯ ಗೆರೆಗಳನ್ನು ನಿಜವಾದ ಅಳತೆಗೆ ಹಿಗ್ಗಿಸಿ, ಸೀಮೆಸುಣ್ಣದಲ್ಲಿ ಎಳೆದು, ಒಂದೊಂದು ಪಕ್ಕೆಗೂ ತೆಳು ಹಲಗೆಯ ಅಚ್ಚು ಕತ್ತರಿಸುತ್ತಿದ್ದರು. ಬಡಗಿ ಆ ಅಚ್ಚನ್ನು ಹೆಗಲ ಮೇಲೆ ಹೊತ್ತು ಮರದ ರಾಶಿಗೆ ಹೋಗಿ ಅದೇ ಬಾಗು ಇರುವ ಕೊಂಬೆ ಹುಡುಕುತ್ತಿದ್ದ. ನೇರ ಮರವನ್ನು ಬಾಗಿಸಿ ಕೊಯ್ದರೆ ನಾರು ಅಡ್ಡಕ್ಕೆ ತುಂಡಾಗುತ್ತದೆ, ಭಾರ ಬಿದ್ದಾಗ ಅಲ್ಲೇ ಸೀಳುತ್ತದೆ. ಬೆಳೆದಾಗಲೇ ಬಾಗಿದ ಓಕ್ ಬೇಕು. ಬಯಲಿನಲ್ಲಿ, ಬೇಲಿಸಾಲಿನಲ್ಲಿ ಒಂಟಿಯಾಗಿ ಬೆಳೆದ ಮರಗಳಿಗೆ ಇದಕ್ಕೇ ಬೆಲೆ ಜಾಸ್ತಿ.

ಲೀಡಾಕ್ಕೆ ಆದೇಶ ಬಂದದ್ದು 1796ರಲ್ಲಿ, ನೀರಿಗಿಳಿದದ್ದು 1800ರ ನವೆಂಬರಿನಲ್ಲಿ. ಉದ್ದ 150 ಅಡಿ ಒಂದೂವರೆ ಇಂಚು, ಅಗಲ 39 ಅಡಿ 11 ಇಂಚು, ಒಡಲಿನ ಆಳ 12 ಅಡಿ 9 ಇಂಚು. ಆಕಾರ ಎಬೆಯದಾದರೂ ಒಳಗಿನ ತೊಲೆಗಳು ಬ್ರಿಟಿಷ್ ದಪ್ಪದವು. ಫ್ರೆಂಚ್ ಹಡಗುಗಳು ಬಂದರಿನಿಂದ ಹೊರಟು ವೇಗವಾಗಿ ಹೋಗಿ ಬರುವ ಲೆಕ್ಕದಲ್ಲಿ ಹಗುರವಾಗಿ ಕಟ್ಟಿದವು. ಬ್ರಿಟಿಷರದೋ ಫ್ರಾನ್ಸಿನ ಬ್ರೆಸ್ಟ್ ಬಂದರಿನ ಎದುರು ಚಳಿಗಾಲದ ಬಿರುಗಾಳಿಯಲ್ಲಿ ತಿಂಗಳುಗಟ್ಟಲೆ ಕಾವಲು. ಅದೇ ಮೈಗೆ ಭಾರ ಹೆಚ್ಚಿಸಿದರೆ ಹಡಗು ಆಳಕ್ಕೆ ಕೂರುತ್ತದೆ, ಮೂಲದಲ್ಲಿದ್ದ ಓಟ ಒಂದಿಷ್ಟು ತಗ್ಗುತ್ತದೆ. ತಿಳಿದೇ ಮಾಡಿದ ಚೌಕಾಸಿ ಅದು.

ಒಳಗೆ ಏನು, ಎಲ್ಲಿ

ಫ್ರಿಗೇಟಿನ ಗುಟ್ಟು ಅದರ ಖಾಲಿ ಡೆಕ್ಕಿನಲ್ಲಿದೆ. ದೊಡ್ಡ ಹಡಗಿನಲ್ಲಿ ಕೆಳಗಿನ ಡೆಕ್ಕಿನಲ್ಲೂ ಫಿರಂಗಿ ಇರುತ್ತವೆ. ಸಮುದ್ರ ಎದ್ದರೆ ಆ ಕಿಂಡಿಗಳನ್ನು ಮುಚ್ಚಲೇಬೇಕು, ಇಲ್ಲದಿದ್ದರೆ ನೀರು ಒಳನುಗ್ಗುತ್ತದೆ. ಅಲ್ಲಿಗೆ ಅತಿ ಭಾರದ ಫಿರಂಗಿಗಳೇ ಕೆಲಸಕ್ಕೆ ಬಾರವು. ಫ್ರಿಗೇಟಿನಲ್ಲಿ ಆ ಕೆಳ ಡೆಕ್ಕಿಗೆ ಫಿರಂಗಿಯೇ ಇಲ್ಲ, ಅದು ಜನ ಮಲಗುವ ಜಾಗ. ಫಿರಂಗಿ ಸಾಲು ಒಂದಂತಸ್ತು ಮೇಲೆ, ನೀರಿನಿಂದ ಒಳ್ಳೆಯ ಎತ್ತರದಲ್ಲಿ. ಹಾಗಾಗಿ ಗಾಳಿ ಜೋರಾಗಿರುವಾಗಲೂ ಫ್ರಿಗೇಟು ತನ್ನೆಲ್ಲ ಫಿರಂಗಿ ಹಾರಿಸಬಲ್ಲದು. ತಮಾಷೆಯೆಂದರೆ ಫಿರಂಗಿಯೇ ಇಲ್ಲದ ಆ ಡೆಕ್ಕಿಗೆ ಅಳತೆಯ ಪಟ್ಟಿಯಲ್ಲಿ ‘ಗನ್ ಡೆಕ್’ ಎಂದೇ ಹೆಸರು. ಮೇಲೆ ಹೇಳಿದ 150 ಅಡಿ ಅಳೆದದ್ದೂ ಅಲ್ಲೇ.

ಸುಮಾರು ಮುನ್ನೂರು ಜನ. ಒಬ್ಬೊಬ್ಬನ ತೂಗುಮಂಚಕ್ಕೆ ನಿಯಮದ ಪ್ರಕಾರ 14 ಇಂಚು ಅಗಲ. ಅರ್ಧ ಜನ ಪಾಳಿಯಲ್ಲಿ ಮೇಲಿರುತ್ತಿದ್ದುದರಿಂದ ಪಕ್ಕದವನ ಜಾಗವೂ ಸಿಗುತ್ತಿತ್ತು ಅನ್ನುವುದೊಂದೇ ಸಮಾಧಾನ. ಅಧಿಕಾರಿಗಳ ಕೋಣೆಗಳು ಹಿಂಬದಿಗೆ. ಅಡುಗೆಯ ಕಬ್ಬಿಣದ ಒಲೆ ಫಿರಂಗಿ ಸಾಲಿರುವ ಮೇಲಿನ ಡೆಕ್ಕಿನ ಮುಂಬದಿಗೆ.

ಜನ ಮಲಗುವ ಡೆಕ್ಕಿನ ಕೆಳಗೆ ಒಡಲು. ತಳಕ್ಕೆ ಎರಕದ ಕಬ್ಬಿಣದ ಗಟ್ಟಿಗಳು, ಮೇಲೆ ನದಿಕಲ್ಲು, ಆ ಕಲ್ಲಿನಲ್ಲಿ ಅರ್ಧ ಹೂತಂತೆ ನೀರಿನ ಪೀಪಾಯಿಗಳ ಸಾಲು. ಈ ಭಾರವೇ ಹಡಗು ಮಗುಚದಂತೆ ಹಿಡಿಯುವುದು. ನೀರು ಖರ್ಚಾದಂತೆ ತಳ ಹಗುರಾಗಿ ಹಡಗು ಹೆಚ್ಚು ವಾಲತೊಡಗುತ್ತದೆ, ಓಟವೂ ಕೆಡುತ್ತದೆ. ಆಗ ಖಾಲಿ ಪೀಪಾಯಿಗೆ ಸಮುದ್ರದ ನೀರನ್ನೇ ತುಂಬಿಡುತ್ತಿದ್ದರು. ಮುಂದೆ ಅದಕ್ಕೆ ಕುಡಿಯುವ ನೀರು ಹಾಕುವ ಮುನ್ನ ತೊಳೆಯುವ ಕಷ್ಟ ಬೇರೆ. ಪೀಪಾಯಿಗಳ ಬದಲು ಕಬ್ಬಿಣದ ತೊಟ್ಟಿಗಳು ಬರುವ ತನಕ ಇದೇ ಪಾಡು.

ಮದ್ದಿನ ಕೋಣೆಯೊಳಗೆ ದೀಪ ಒಯ್ಯುವಂತಿಲ್ಲ. ಪಕ್ಕದಲ್ಲಿ ಪ್ರತ್ಯೇಕ ಬಾಗಿಲಿನ ಒಂದು ಸಣ್ಣ ಕೋಣೆ, ಅಲ್ಲಿ ಲಾಟೀನು. ನಡುವೆ ದಪ್ಪ ಗಾಜಿನ ಕಿಟಕಿ. ಆ ಮಂಕು ಬೆಳಕಿನಲ್ಲೇ ಮದ್ದನ್ನು ಫ್ಲಾನೆಲ್ ಚೀಲಗಳಲ್ಲಿ ತುಂಬಿ ಮೇಲಕ್ಕೆ ದಾಟಿಸಬೇಕು.

ಒಂದು ಗುಂಡು ಹಾರಿಸಲು

18 ಪೌಂಡರ್ ಫಿರಂಗಿ ಸುಮಾರು 9 ಅಡಿ ಉದ್ದ, 2 ಟನ್ನಿಗೂ ಮಿಗಿಲು ಭಾರ. ಅದನ್ನು ಆಡಿಸಲು ಒಂಬತ್ತು ಹತ್ತು ಜನ. ಮೊದಲು ಒದ್ದೆ ಕುರಿತುಪ್ಪಟ ಸುತ್ತಿದ ಕೋಲಿನಿಂದ ನಳಿಕೆ ಒರೆಸುತ್ತಾರೆ. ಹಿಂದಿನ ಹೊಡೆತದ ಚೀಲದ ಚೂರು ಕೆಂಡವಾಗಿ ಒಳಗೇ ಉಳಿದಿದ್ದರೆ ಮುಂದಿನ ಮದ್ದು ತುರುಕುವವನ ಕೈಯಲ್ಲೇ ಸಿಡಿಯುತ್ತದೆ. ಬಳಿಕ ಮದ್ದಿನ ಚೀಲ. ಪೂರ್ತಿ ಹೊಡೆತಕ್ಕೆ ಗುಂಡಿನ ತೂಕದ ಮೂರನೇ ಒಂದು, ಅಂದರೆ 6 ಪೌಂಡ್ ಮದ್ದು. ಅದರ ಹಿಂದೆ ಗುಂಡು, ಅದು ಉರುಳಿ ಬೀಳದಂತೆ ಹಳೆಯ ಹಗ್ಗದ ಉಂಡೆ, ಗಜದಿಂದ ಒಂದು ಜಡಿತ. ಎಲ್ಲರೂ ಹಗ್ಗ ಜಗ್ಗಿ ಫಿರಂಗಿಯನ್ನು ಕಿಂಡಿಯಾಚೆ ತಳ್ಳುತ್ತಾರೆ. ಫಿರಂಗಿಯ ಮುಖ್ಯಸ್ಥ ಹಿಂದಿನ ಸಣ್ಣ ರಂಧ್ರದಲ್ಲಿ ಸೂಜಿ ಹಾಕಿ ಚೀಲ ಚುಚ್ಚುತ್ತಾನೆ, ಮದ್ದು ತುಂಬಿದ ಗರಿಯ ನಳಿಕೆಯೊಂದನ್ನು ಅಲ್ಲಿ ಸಿಕ್ಕಿಸುತ್ತಾನೆ, ಚಕಮಕಿ ಕೀಲು ಎತ್ತುತ್ತಾನೆ, ಹಿಂದೆ ಸರಿದು ದಾರ ಎಳೆಯುತ್ತಾನೆ.

ಫಿರಂಗಿ ಗುಂಡು ಹಾರಿದೊಡನೆ ಹಿಂದಕ್ಕೆ ನುಗ್ಗುತ್ತದೆ. ಹಿಂಬದಿಗೆ ಕಟ್ಟಿದ ದಪ್ಪ ತಡೆಹಗ್ಗ ಅದನ್ನು ಹಿಡಿಯಬೇಕು. ಹಾಗೆ ಹಿಂದೆ ಬಂದು ನಿಂತದ್ದೇ ಮತ್ತೆ ತುಂಬಲು ಅನುಕೂಲ. ಆದರೆ ಹಗ್ಗ ಹಳತಾಗಿದ್ದರೆ, ಗೋಡೆಯ ಕೊಂಡಿ ಹಿಡಿದಿರುವ ಮರ ಲಡ್ಡಾಗಿದ್ದರೆ, ಎರಡು ಟನ್ ಕಬ್ಬಿಣ ಡೆಕ್ಕಿನ ಮೇಲೆ ತನ್ನಿಚ್ಛೆಯಂತೆ ಓಡಾಡುತ್ತದೆ. ಫಿರಂಗಿ ಕಾದಷ್ಟೂ ಹಿಂದಕ್ಕೆ ಜಿಗಿಯುವ ರಭಸ ಹೆಚ್ಚು. ಹಾಗಾಗಿ ಕಾಳಗ ಮುಂದುವರಿದಂತೆ ಮದ್ದನ್ನು ಕಡಿಮೆ ಮಾಡುತ್ತಾ ಹೋಗುತ್ತಿದ್ದರು.

ಗುಂಡಿನ ವ್ಯಾಸ 5.04 ಇಂಚು, ನಳಿಕೆಯದು 5.29. ಆ ಕಾಲು ಇಂಚಿನ ಸಡಿಲ ಇಲ್ಲದಿದ್ದರೆ ತುಕ್ಕು ಹಿಡಿದ ಗುಂಡು ಒಳಗೇ ಸಿಕ್ಕಿಕೊಳ್ಳುತ್ತದೆ. ಇರುವುದರಿಂದ ಗುಂಡು ನಳಿಕೆಯೊಳಗೆ ಅತ್ತಿತ್ತ ಬಡಿದುಕೊಂಡು ಹೊರಬರುವಾಗ ದಿಕ್ಕು ತಪ್ಪುತ್ತದೆ. ಕ್ಯಾರೊನೇಡಿನಲ್ಲಿ ಈ ಸಡಿಲ ಕಡಿಮೆ. 32 ಪೌಂಡಿನ ಗುಂಡು ಹಾರಿಸುವ ಕ್ಯಾರೊನೇಡ್ 860 ಕಿಲೋ ಮಾತ್ರ, ಜನವೂ ಕಡಿಮೆ ಸಾಕು. ಹತ್ತಿರದಿಂದ ಹೊಡೆದರೆ ಹಡಗಿನ ಗೋಡೆಯೇ ಒಡೆದು ಹೋಗುತ್ತದೆ. ಆದರೆ ಮದ್ದು ಅಲ್ಪ, ನಳಿಕೆ ಗಿಡ್ಡ, ದೂರಕ್ಕೆ ಏನೇನೂ ಆಗದು. 1814ರ ಮಾರ್ಚಿನಲ್ಲಿ ಚಿಲಿಯ ವಾಲ್ಪರೈಸೊ ಬಳಿ ಬಹುಪಾಲು ಕ್ಯಾರೊನೇಡುಗಳನ್ನೇ ಹೊತ್ತಿದ್ದ ಅಮೆರಿಕದ ‘ಎಸೆಕ್ಸ್’ ಹಡಗನ್ನು ಬ್ರಿಟಿಷರ ‘ಫೀಬಿ’ ದೂರದಲ್ಲೇ ನಿಂತು 18 ಪೌಂಡರ್‌ಗಳಿಂದ ಹಣಿಯಿತು. ಎರಡೂ ಬಗೆಯನ್ನು ಒಟ್ಟಿಗೆ ಇಟ್ಟುಕೊಂಡ ಲೀಡಾದ ಜೋಡಣೆಯ ಜಾಣತನ ಇಲ್ಲಿ ತಿಳಿಯುತ್ತದೆ.

ಈ ವರ್ಗದ ಅತಿ ಹೆಸರಾದ ಹಡಗು 1806ರ ‘ಶ್ಯಾನನ್’. ಅದರ ಕಪ್ತಾನ ಫಿಲಿಪ್ ಬ್ರೋಕ್ ಏಳು ವರ್ಷ ಅದೇ ಹಡಗಿನಲ್ಲಿ, ಹೆಚ್ಚುಕಡಿಮೆ ಅದೇ ಜನರೊಂದಿಗೆ ಇದ್ದರು. ಆಗ ನೌಕಾಪಡೆಯಲ್ಲಿ ಹೊಗಳಿಕೆ ಸಿಗುತ್ತಿದ್ದುದು ಬೇಗ ಬೇಗ ಹಾರಿಸುವವರಿಗೆ. ಬ್ರೋಕ್ ಗುರಿಯ ಹಿಂದೆ ಬಿದ್ದರು. ಪ್ರತಿ ಫಿರಂಗಿಗೂ ಗುರಿಕಾಣಿ ಹಾಕಿಸಿದರು. ಪ್ರತಿ ಫಿರಂಗಿಯ ಹಿಂದೆ ಡೆಕ್ಕಿನ ಹಲಗೆಯ ಮೇಲೆ ಕೋನದ ಗೆರೆಗಳನ್ನು ಕೊರೆಸಿದರು. ಫಿರಂಗಿಯ ಮೂತಿ ಎತ್ತಿ ಇಳಿಸುವ ಮರದ ಬೆಣೆಯ ಮೇಲೂ ಗುರುತು ಹಾಕಿಸಿದರು. ಇದರಿಂದ ಆದದ್ದೇನು? ಹೊಗೆ ಕವಿದು ಶತ್ರು ಕಾಣದಿದ್ದರೂ ಮೇಲಿನಿಂದ ಕೋನ ಕೂಗಿದರೆ ಸಾಕು, ಕೆಳಗಿನ ಹದಿನಾಲ್ಕು ಫಿರಂಗಿಗಳೂ ಒಂದೇ ಜಾಗಕ್ಕೆ ತಿರುಗುತ್ತವೆ. ಪೀಪಾಯಿ ತೇಲಿಬಿಟ್ಟು ಅದಕ್ಕೆ ಗುರಿ ಹೊಡೆಯುವ ಅಭ್ಯಾಸ ಬಿಟ್ಟೂ ಬಿಡದೆ ನಡೆಯಿತು.

1813ರ ಜೂನ್ 1ರಂದು ಬಾಸ್ಟನ್ ಎದುರಿನ ಕಡಲಲ್ಲಿ ಅಮೆರಿಕದ ‘ಚೆಸಪೀಕ್’ ಎದುರಾಯಿತು. ಅದರದೂ 18 ಪೌಂಡರ್‌ಗಳೇ, ಜನ ಇನ್ನೂ ಸ್ವಲ್ಪ ಹೆಚ್ಚೇ. ಆದರೆ ಕಪ್ತಾನ ಜೇಮ್ಸ್ ಲಾರೆನ್ಸ್ ಹಡಗು ವಹಿಸಿಕೊಂಡು ಎರಡು ವಾರವೂ ಆಗಿರಲಿಲ್ಲ. ಶ್ಯಾನನ್ನಿನ 9 ಪೌಂಡರ್‌ಗಳಿಗೆ ಬೇರೆಯೇ ಕೆಲಸ ಹಂಚಿತ್ತು: ಶತ್ರುವಿನ ಚುಕ್ಕಾಣಿ ಚಕ್ರ ಮತ್ತು ಮುಂಬದಿಯ ಹಾಯಿಯ ಹಗ್ಗ. ಎರಡೂ ಹೋದವು. ಹಿಡಿತ ತಪ್ಪಿದ ಚೆಸಪೀಕ್ ಗಾಳಿಗೆ ಮುಖ ತಿರುಗಿಸಿ, ಹಿಂದಕ್ಕೆ ಜಾರುತ್ತಾ ಬಂದು ಶ್ಯಾನನ್ನಿಗೇ ತಾಗಿಕೊಂಡಿತು. ಬ್ರೋಕ್ ಜನರೊಂದಿಗೆ ಅದರ ಮೇಲೆ ಹತ್ತಿದರು, ತಲೆಗೆ ಕತ್ತಿಯ ಏಟು ತಿಂದರು. ಮೊದಲ ಗುಂಡಿನಿಂದ ಬಾವುಟ ಇಳಿಯುವವರೆಗೆ ಹಿಡಿದದ್ದು ಹನ್ನೊಂದರಿಂದ ಹದಿನೈದು ನಿಮಿಷ. ಎರಡೂ ಕಡೆ ಸತ್ತವರು, ಗಾಯಗೊಂಡವರು ಸೇರಿ ಇನ್ನೂರಕ್ಕೂ ಮೇಲೆ. ಚೆಸಪೀಕಿನ ತೊಲೆಗಳನ್ನು ಮುಂದೆ ಹ್ಯಾಂಪ್‌ಶೈರಿನ ವಿಕಮ್ ಎಂಬ ಊರಿನಲ್ಲಿ ಹಿಟ್ಟಿನ ಗಿರಣಿ ಕಟ್ಟಲು ಬಳಸಿದರು, ಆ ಗಿರಣಿ ಈಗಲೂ ನಿಂತಿದೆ.

ಇದನ್ನು ಲೀಡಾ ನಕ್ಷೆಯ ಗೆಲುವು ಎನ್ನುವವರಿದ್ದಾರೆ. ಒಪ್ಪುವುದು ಕಷ್ಟ. 24 ಪೌಂಡರ್ ಹೊತ್ತ ‘ಕಾನ್‌ಸ್ಟಿಟ್ಯೂಷನ್’ನಂಥ ಅಮೆರಿಕದ ಭಾರೀ ಫ್ರಿಗೇಟುಗಳ ಮುಂದೆ 18 ಪೌಂಡರ್ ಹಡಗುಗಳು 1812ರಲ್ಲಿ ಸಾಲಾಗಿ ಸೋತಿದ್ದವು. ಅಂಥವುಗಳನ್ನು ಒಂಟಿಯಾಗಿ ಎದುರಿಸಬೇಡಿ ಎಂದು 1813ರಲ್ಲಿ ನೌಕಾಪಡೆಯನ್ನು ನಡೆಸುವ ಅಡ್ಮಿರಾಲ್ಟಿಯೇ ಗುಟ್ಟಾಗಿ ಆದೇಶಿಸಿತು.

ಓಕ್, ಫರ್, ತೇಗ

1812ರ ಹೊತ್ತಿಗೆ ಫ್ರಾನ್ಸಿನೊಂದಿಗೊಂದು, ಅಮೆರಿಕದೊಂದಿಗೊಂದು, ಯುದ್ಧ ಎರಡು, ಹಡಗು ಸಾಲದು, ಓಕ್ ಅದಕ್ಕಿಂತಲೂ ಸಾಲದು. ಅಡ್ಮಿರಾಲ್ಟಿ ಒಂದೇ ನಕ್ಷೆಯನ್ನು ಹಿಡಿದು ಎರಡು ವಿರುದ್ಧ ದಾರಿಯಲ್ಲಿ ಹೊರಟಿತು.

ಮೊದಲನೆಯದು ಅವಸರದ ದಾರಿ. ಫರ್, ಪೈನ್ ಜಾತಿಯ ಮೆದುಮರದಲ್ಲಿ ಎಂಟು ಹಡಗು: ಸಿಡ್ನಸ್, ಯೂರೋಟಸ್, ನೈಜರ್, ಮಿಯಾಂಡರ್, ಪ್ಯಾಕ್ಟೋಲಸ್, ಟೈಬರ್, ಅರಾಕ್ಸಿಸ್, ಟನಾಯಿಸ್. ಈ ಮರ ನೇರ, ಹಗುರ, ಕೊಯ್ಯಲು ಸಲೀಸು. ಕೆಲಸ ತಿಂಗಳುಗಳಲ್ಲಿ ಮುಗಿಯುತ್ತದೆ. ಬಾಗಿದ ತುಂಡು ಸಿಗದ ಕಾರಣ ಹಿಂಬದಿಯ ಕೆಳಭಾಗವನ್ನು ದುಂಡಗೆ ತಿರುಗಿಸದೆ ಚೌಕವಾಗಿ ಚಪ್ಪಟೆಯಾಗಿ ಮುಗಿಸಿದರು. ಆದರೆ ಮೆದುಮರ ಮೊಳೆಯನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಹಡಗು ಅಲೆಯ ಮೇಲೆ ತಿರುಚಿಕೊಂಡಾಗಲೆಲ್ಲ ಮೊಳೆಯ ಸುತ್ತಲಿನ ತೂತು ಹಿಗ್ಗುತ್ತದೆ, ಹಲಗೆಯ ಸಂದಿ ಬಿಚ್ಚುತ್ತದೆ, ನೀರು ಜಿನುಗುತ್ತದೆ, ಕೊಳೆತ ಶುರುವಾಗುತ್ತದೆ. ಎಂಟರಲ್ಲಿ ಒಂದೂ 1820 ದಾಟಲಿಲ್ಲ. ಸಿಡ್ನಸ್ಸನ್ನು 1816ಕ್ಕೇ ಒಡೆದು ಹಾಕಿದರು.

ಅಂದಮಾತ್ರಕ್ಕೆ ಇದು ಮೂರ್ಖತನವಲ್ಲ. ಆಗ ಬೇಕಿದ್ದದ್ದು ನಾಳೆಯ ಹಡಗಲ್ಲ, ಇವತ್ತಿನದು. ಓಕ್ ಹಡಗೂ ಅವಸರದಲ್ಲಿ ಕಟ್ಟಿದರೆ ಕೆಡುತ್ತಿತ್ತು. ಪಕ್ಕೆಗಳನ್ನು ನಿಲ್ಲಿಸಿ, ಹಲಗೆ ಹೊಡೆಯದೆ, ವರ್ಷದಷ್ಟು ಕಾಲ ಗಾಳಿಗೆ ಒಣಗಲು ಬಿಡಬೇಕು ಎಂಬ ನಿಯಮವಿತ್ತು. ಯುದ್ಧ ಜೋರಾದಾಗ ಹಸಿ ಮರಕ್ಕೇ ಹಲಗೆ ಬಡಿದು ಮುಚ್ಚುತ್ತಿದ್ದರು. ಗಾಳಿಯಾಡದ ಸಂದಿಯಲ್ಲಿ ಬೂಷ್ಟು ಹಿಡಿದು ಹೊರಗಿನಿಂದ ಚೆಂದ ಕಾಣುವ ತೊಲೆ ಒಳಗೇ ಪುಡಿಯಾಗುತ್ತಿತ್ತು.

ಎರಡನೆಯದು ಮುಂಬಯಿಯ ದಾರಿ. 1812ರ ಅಕ್ಟೋಬರಿನಲ್ಲಿ ಅಲ್ಲಿನ ಹಡಗುಕಟ್ಟೆಗೆ ಲೀಡಾ ನಕ್ಷೆಯ ಎರಡು ಹಡಗಿಗೆ ಆದೇಶವಾಯಿತು. ನಕ್ಷೆಗಳನ್ನು ‘ಜಾವಾ’ ಹಡಗಿನಲ್ಲಿ ಕಳಿಸಿದರು. ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯಾಚೆ ಕಾನ್‌ಸ್ಟಿಟ್ಯೂಷನ್ ಜಾವಾವನ್ನು ಸೋಲಿಸಿತು, ನಕ್ಷೆಗಳೂ ಹೋದವು. ಮತ್ತೊಂದು ಪ್ರತಿ ಹೊರಡಬೇಕಾಯಿತು. ಕಟ್ಟಿದವರು ಪಾರ್ಸಿ ವಾಡಿಯಾ ಮನೆತನದ ಜಮ್‌ಶೆಡ್‌ಜಿ ಬೊಮನ್‌ಜಿ. 1816ರಲ್ಲಿ ಟ್ರಿಂಕೋಮಲಿಯ ಕೀಲ್ ಇಟ್ಟಾಗ ತಮ್ಮ ಧರ್ಮದ ಪದ್ಧತಿಯಂತೆ ಅದಕ್ಕೆ ಬೆಳ್ಳಿಯ ಮೊಳೆ ಹೊಡೆದರು. ಮೊದಲ ಹಡಗು ‘ಆಂಫಿಟ್ರೈಟಿ’ ಅದೇ ವರ್ಷ ನೀರಿಗಿಳಿಯಿತು, ಟ್ರಿಂಕೋಮಲಿ 1817ರ ಅಕ್ಟೋಬರ್ 12ರಂದು.

ತೇಗ ಬಂದದ್ದು ಮಲಬಾರಿನಿಂದ. ನೌಕಾಪಡೆಗೆ ಆ ಮರ ಕೈತಪ್ಪದಂತೆ ನೋಡಲು 1806ರಲ್ಲೇ ಕ್ಯಾಪ್ಟನ್ ವ್ಯಾಟ್ಸನ್ ಎಂಬುವರನ್ನು ಮಲಬಾರ್ ಮತ್ತು ತಿರುವಾಂಕೂರಿಗೆ ಅರಣ್ಯ ಸಂರಕ್ಷಕರನ್ನಾಗಿ ಕೂರಿಸಿದ್ದರು, ಭಾರತದಲ್ಲಿ ಆ ಹುದ್ದೆಗೆ ಬಂದ ಮೊದಲಿಗರು. ಸ್ಥಳೀಯರ ಮರ ಕಡಿಯುವ ಹಕ್ಕಿಗೇ ಅಡ್ಡ ಬಂದದ್ದರಿಂದ ದೂರುಗಳು ಏರಿ, 1823ರಲ್ಲಿ ಹುದ್ದೆಯೇ ರದ್ದಾಯಿತು.

ತೇಗದ ಹೆಚ್ಚುಗಾರಿಕೆ ಗಡಸುತನದಲ್ಲಿಲ್ಲ, ಎಣ್ಣೆಯಲ್ಲಿದೆ. ಓಕಿನಲ್ಲಿರುವ ಹುಳಿ ಅಂಶ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತುಕ್ಕು ಹಿಡಿದ ಮೊಳೆ ಮರವನ್ನು ಕೆಡಿಸುತ್ತದೆ. ತೇಗದ ಎಣ್ಣೆ ಕಬ್ಬಿಣವನ್ನು ಕಾಯುತ್ತದೆ, ನೀರು ಹೀರದಂತೆ ಮರವನ್ನೂ ಕಾಯುತ್ತದೆ. ನೀರಿನ ಕೆಳಗೆ ಮಾತ್ರ ಇನ್ನೊಂದು ತೊಡಕಿತ್ತು. ಕೊರೆಹುಳು ಮತ್ತು ಪಾಚಿ ತಡೆಯಲು ತಾಮ್ರದ ತಗಡು ಹೊದಿಸಿದ್ದರು. ಸಮುದ್ರದ ಉಪ್ಪುನೀರಿನಲ್ಲಿ ತಾಮ್ರವೂ ಕಬ್ಬಿಣವೂ ಒಟ್ಟಿಗಿದ್ದರೆ ಬ್ಯಾಟರಿಯೊಳಗೆ ನಡೆಯುವುದೇ ಅಲ್ಲೂ ನಡೆದು ಕಬ್ಬಿಣ ಕರಗುತ್ತದೆ. 1780ರ ದಶಕದಲ್ಲಿ ಈ ಪಾಠ ಕಲಿತ ಮೇಲೆ ನೀರಿನೊಳಗಿನ ಬೋಲ್ಟುಗಳು ತಾಮ್ರದ ಮಿಶ್ರಲೋಹಕ್ಕೆ ಬದಲಾದವು.

ಲೆಕ್ಕ ಹಾಕಿ ನೋಡಿ: ಒಂದೇ ವರ್ಷ ಆದೇಶವಾದ ಎರಡು ಬಗೆ. ಫರ್ ಹಡಗುಗಳು 1813ರ ಹೊತ್ತಿಗೆ ತೇಲಿದವು, ಯುದ್ಧ ಮಾಡಿದವು, ಕೊಳೆತವು. ತೇಗದ ಹಡಗುಗಳು ಬರುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಟ್ರಿಂಕೋಮಲಿ 1819ರ ಏಪ್ರಿಲಿನಲ್ಲಿ ಪೋರ್ಟ್ಸ್‌ಮತ್ ತಲುಪಿ ನೇರವಾಗಿ ಮೂಲೆ ಸೇರಿತು. ಕಾಲು ಶತಮಾನ ಕಳೆದ ಮೇಲೆ ಅದನ್ನು ಮತ್ತೆ ಹೊರತೆಗೆದು, 26 ಭಾರೀ ಫಿರಂಗಿಗಳ ಹಡಗಾಗಿ ಮಾರ್ಪಡಿಸಿ, ಉತ್ತರ ಅಮೆರಿಕಕ್ಕೂ ಪೆಸಿಫಿಕ್ಕಿಗೂ ಕಳಿಸಿದರು. ಹಾರ್ಟಲ್‌ಪೂಲಿನಲ್ಲಿ ದುರಸ್ತಿ ಮುಗಿದಾಗಲೂ ಅರ್ಧಕ್ಕಿಂತ ಹೆಚ್ಚು ಮರ ಮೂಲದ್ದೇ ಉಳಿದಿತ್ತು.

ಕನ್ನಡಿಗರ ಕಿವಿ ನೆಟ್ಟಗಾಗುವ ಹೆಸರೊಂದು ಇದರ ಬೆನ್ನಿಗೇ ಇದೆ. ಅದೇ ಮುಂಬಯಿ ಕಟ್ಟೆಯಿಂದ 1819ರಲ್ಲಿ ನೀರಿಗಿಳಿದ ಮುಂದಿನ ಫ್ರಿಗೇಟ್ ‘ಸೆರಿಂಗಪಟಂ’, ನಮ್ಮ ಶ್ರೀರಂಗಪಟ್ಟಣ. ಇದು ಲೀಡಾ ವರ್ಗದ್ದಲ್ಲ. ಇನ್ನೊಂದು ಸೆರೆಹಿಡಿದ ಫ್ರೆಂಚ್ ಹಡಗು ‘ಪ್ರೆಸಿಡಾಂ’ನ ಮೈಕಟ್ಟಿನ ಮೇಲೆ ಕಟ್ಟಿದ್ದು. ಅದರ ಮೂತಿಯಲ್ಲಿದ್ದ ಮರದ ಪ್ರತಿಮೆ ಈಗ ಗ್ರೀನಿಚ್‌ನ ವಸ್ತುಸಂಗ್ರಹಾಲಯದಲ್ಲಿದೆ: ಪೇಟ ಸುತ್ತಿ, ಕೊಡೆ ಹಿಡಿದು, ಕಥೆಗಳಲ್ಲಿ ಬರುವ ದೈತ್ಯ ಹಕ್ಕಿಯ ಮೇಲೆ ಕೂತ ಒಬ್ಬಾತ. ಅವನನ್ನು ಟಿಪ್ಪು ಎಂದು ಗುರುತಿಸುತ್ತಾರೆ.

ಬೆನ್ನು ಬಾಗುವ ರೋಗ

ಮರದ ಹಡಗು ಮುದಿಯಾಗುವುದು ಬೆನ್ನಿನಿಂದ. ಹಡಗಿನ ನಡುಭಾಗ ಹೊಟ್ಟೆಯಂತೆ ಅಗಲ, ನೀರು ಅದನ್ನು ಮೇಲಕ್ಕೆ ಚೆನ್ನಾಗಿ ಎತ್ತಿಹಿಡಿಯುತ್ತದೆ. ಮುಂದಿನ ಹಿಂದಿನ ತುದಿಗಳು ಚೂಪು. ಅಲ್ಲಿ ನೀರಿನ ಆಸರೆ ಕಡಿಮೆ, ಆದರೆ ಲಂಗರು, ಫಿರಂಗಿ, ಕೋಣೆಗಳ ಭಾರ ಇದ್ದೇ ಇದೆ. ದಿನ ಕಳೆದಂತೆ ತುದಿಗಳು ಜೋತು, ನಡು ಉಬ್ಬುತ್ತದೆ. ಕೀಲ್ ಬಿಲ್ಲಿನಂತೆ ಬಾಗುತ್ತದೆ, ಸಂದಿಗಳು ಬಾಯಿಬಿಡುತ್ತವೆ.

ಹಳೆಯ ಕಟ್ಟಡದಲ್ಲಿ ಪಕ್ಕೆಗಳು ನೆಟ್ಟಗೆ, ಹಲಗೆಗಳು ಅಡ್ಡಕ್ಕೆ, ಎಲ್ಲವೂ ಚೌಕ ಚೌಕ. ಓರೆ ಪಟ್ಟಿ ಇಲ್ಲದ ತೋಟದ ಗೇಟು ಜೋಲುವುದು ಎಲ್ಲರೂ ಕಂಡದ್ದೇ: ಚೌಕ ವಾಲಿಕೊಳ್ಳುತ್ತದೆ, ತ್ರಿಕೋನ ಅಲುಗುವುದಿಲ್ಲ. ಬ್ರಿಟಿಷ್ ನೌಕಾಪಡೆಯ ವಿನ್ಯಾಸಕ ರಾಬರ್ಟ್ ಸೆಪಿಂಗ್ಸ್ ಹಡಗಿನ ಒಡಲೊಳಗೆ ಓರೆ ತೊಲೆಗಳನ್ನು ಹಾಕಿದ್ದು ಇದೇ ಕಾರಣಕ್ಕೆ. 1810ರ ಸುಮಾರಿಗೆ ದೊಡ್ಡ ಹಡಗಿನಲ್ಲಿ ಪರೀಕ್ಷೆಯಾದ ಈ ವಿಧಾನ ಲೀಡಾ ವರ್ಗದ ಕೊನೆಯ ಹಡಗುಗಳಿಗೂ ಬಂತು. ಹಿಂಬದಿಯನ್ನೂ ಅವರು ಬದಲಿಸಿದರು. ಹಳೆಯ ಹಡಗಿನ ಹಿಂಬದಿ ಎಂದರೆ ಕಿಟಕಿಗಳ ತೆಳು ಗೋಡೆ. ಅಲ್ಲಿ ನುಗ್ಗಿದ ಗುಂಡು ಡೆಕ್ಕಿನ ಉದ್ದಕ್ಕೂ ಉರುಳುತ್ತದೆ. ಸೆಪಿಂಗ್ಸ್ ಪಕ್ಕೆಗಳನ್ನು ಹಿಂದಕ್ಕೂ ಸುತ್ತಿಸಿ ಗುಂಡಗೆ, ಗಟ್ಟಿಯಾಗಿ ಮಾಡಿದರು, ಅಲ್ಲೂ ಫಿರಂಗಿ ಇಡುವಂತಾಯಿತು. ಚೆಂದದ ಕಿಟಕಿಸಾಲು ಹೋಯಿತೆಂದು ಅಧಿಕಾರಿಗಳು ಗೊಣಗಿದರು.

ಯೂನಿಕಾರ್ನಿನಲ್ಲಿ ಇವೆಲ್ಲವನ್ನೂ ಕಣ್ಣಾರೆ ನೋಡಬಹುದು. ಡೆಕ್ಕಿನ ತೊಲೆ ಗೋಡೆಗೆ ಸೇರುವ ಮೂಲೆಯಲ್ಲಿ ಬಾಗಿದ ಓಕಿನ ಬದಲು ಕಬ್ಬಿಣದ ಮೊಣಕೈಗಳಿವೆ. ಅಂಥ ಮರ ಸಿಗುವುದೇ ಅಪರೂಪವಾಗಿತ್ತು. ಗೋಡೆಗೆ ಓರೆಯಾಗಿ ಕಬ್ಬಿಣದ ಪಟ್ಟಿಗಳು. ಹಿಂಬದಿ ಗುಂಡಗೆ.

ಹಡಗುಗಳು ಸತ್ತದ್ದು ಬರೀ ಕೊಳೆತದಿಂದಲ್ಲ. ಮೊದಲ ಹಡಗು ಲೀಡಾ 1808ರ ಜನವರಿಯಲ್ಲಿ ಬಿರುಗಾಳಿಗೆ ಆಸರೆ ಹುಡುಕಿ ವೇಲ್ಸಿನ ಮಿಲ್ಫರ್ಡ್ ಹೇವನ್‌ಗೆ ನುಗ್ಗುವಾಗ ದಡಕ್ಕೆ ಬಡಿದು ಒಡೆಯಿತು. ‘ಪೊಮೋನ್’ 1811ರಲ್ಲಿ ಐಲ್ ಆಫ್ ವೈಟ್‌ನ ನೀಡಲ್ಸ್ ಬಂಡೆಗಳಿಗೆ ಬಲಿಯಾಯಿತು. ಚೌಕ ಹಾಯಿಯ ಹಡಗು ಗಾಳಿ ಬೀಸುವ ದಿಕ್ಕಿಗೆ 67 ಡಿಗ್ರಿಗಿಂತ ಹತ್ತಿರಕ್ಕೆ ಹೋಗಲಾರದು, ಹೋಗುವಾಗಲೂ ಪಕ್ಕಕ್ಕೆ ಜಾರುತ್ತಲೇ ಇರುತ್ತದೆ. ಗಾಳಿ ದಡದ ಕಡೆಗೆ ಬೀಸುತ್ತಿದ್ದರೆ, ಜಾಗ ಸಾಲದಿದ್ದರೆ, ಎಂಥ ಒಳ್ಳೆಯ ನಕ್ಷೆಯೂ ಕೈಕೊಡುತ್ತದೆ.

ಯೂನಿಕಾರ್ನಿಗೆ ಆ ಅಪಾಯವೇ ಬರಲಿಲ್ಲ. 1824ರಲ್ಲಿ ನೀರಿಗಿಳಿದಾಗ ಯುರೋಪಿನಲ್ಲಿ ಬ್ರಿಟನ್ನಿಗೆ ಯುದ್ಧವಿರಲಿಲ್ಲ. ಅದಕ್ಕೆ ಕೂವೆಮರಗಳನ್ನು ನಿಲ್ಲಿಸುವ ಬದಲು ಮೇಲೆ ಮರದ ಮಾಡು ಹಾಕಿ ಮಳೆ ಬೀಳದಂತೆ ಮುಚ್ಚಿಟ್ಟರು. ಆ ಮಾಡು ಇಂದಿಗೂ ಇದೆ. ಸಾನೆಯ ಗೆರೆಗಳ ಮೇಲೆ ಕಟ್ಟಿದ, ಸೆಪಿಂಗ್ಸ್‌ನ ಎಲ್ಲ ಸುಧಾರಣೆಗಳನ್ನೂ ಒಳಗೊಂಡ ಈ ಹಡಗು ಹಾಯಿ ಬಿಚ್ಚಿ ಒಂದು ಮೈಲಿಯೂ ಹೋಗಲಿಲ್ಲ.